ಹರಿಗೋಲು ಮಗುಚಿದ ಹೊತ್ತು

ಹೊಳೆಯ ಆಚೆ ದಡದಲ್ಲಿ ಒಂದು ಆಶ್ರಮವಿತ್ತು. ಈಚೆ ದಡದಲ್ಲಿ ಊರು. ನಡುವೆ ಸೇತುವೆ ಇರಲಿಲ್ಲ. ದಾಟಲು ಇದ್ದದ್ದು ಒಂದೇ ಹರಿಗೋಲು, ಅಂದರೆ ಬುಟ್ಟಿಯ ಹಾಗೆ ದುಂಡಗಿರುವ ದೋಣಿ. ಅದಕ್ಕೆ ಹುಟ್ಟು ಹಾಕುತ್ತಿದ್ದವರು ಆಶ್ರಮದ ಗುರುಗಳೇ. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಶಾಂಭವಿ ಅವರ ಶಿಷ್ಯೆ. ಒಂದು ವರ್ಷದಿಂದ ದಿನಾ ಸಂಜೆ ಆರಕ್ಕೆ ಹೊಳೆ ದಾಟಿ ಪಾಠಕ್ಕೆ ಬರುತ್ತಿದ್ದಳು. ಹೊಟ್ಟೆಪಾಡಿಗೆ ಒಂದು ಆನ್‌ಲೈನ್ ಆಟದ ಸರ್ವರ್ ನೋಡಿಕೊಳ್ಳುತ್ತಿದ್ದಳು.

ಆ ಶುಕ್ರವಾರ ಪಾಠ ಅವಳ ಕಿವಿಗೇ ಬೀಳಲಿಲ್ಲ.

“ಅಜ್ಜಾರೆ, ಯಾರಿಗೂ ತೊಂದರೆ ಆಗದಂಥ ಹೊತ್ತು ಯಾವುದು?”

“ಯಾಕ ಬೇಕಾಗಿತ್ತು?”

ಅವಳು ಬಿಡಿಸಿ ಹೇಳಿದಳು. ಆಟದೊಳಗೆ ಒಂದು ಪಟ್ಟಣವಿದೆ. ಬೇರೆ ಬೇರೆ ದೇಶದವರು ತಮ್ಮ ತಮ್ಮ ಮನೆಯಲ್ಲಿ ಕೂತೇ ಆ ಪಟ್ಟಣದಲ್ಲಿ ಸೇರುತ್ತಾರೆ. ಅದನ್ನು ನಡೆಸುವ ಯಂತ್ರವೇ ಸರ್ವರ್. ವಾರಕ್ಕೊಮ್ಮೆ ಎರಡು ತಾಸು ಅದನ್ನು ನಿಲ್ಲಿಸಿ ದುರಸ್ತಿ ಮಾಡಬೇಕು. ಮಾಡದಿದ್ದರೆ ಒಂದು ದಿನ ಇಡೀ ಪಟ್ಟಣವೇ ಅಳಿಸಿಹೋಗುತ್ತದೆ.

“ಯಾವಾಗ ನಿಲ್ಲಸ್ತಿ?”

“ಮಂಗಳವಾರ ಬೆಳಿಗ್ಗೆ ಆರಕ್ಕ. ಆಗ ಆಡೋರು ಯಾರೂ ಇರಂಗಿಲ್ಲ.”

“ಯಾರೂ?”

ಶಾಂಭವಿ ತಲೆ ತಗ್ಗಿಸಿದಳು. “ನಮ್ಮ ಕಡೆಯವರು ಯಾರೂ.”

ಪೆರು ದೇಶದಿಂದ ರೊಸೌರಾ ಎಂಬ ನರ್ಸ್ ಒಬ್ಬಳ ಪತ್ರ ಬಂದಿತ್ತು. ನಮ್ಮ ಮಂಗಳವಾರ ಬೆಳಿಗ್ಗೆ ಆರು ಅಂದರೆ ಅಲ್ಲಿ ಸೋಮವಾರ ಸಂಜೆ ಏಳೂವರೆ. ಅವಳಿಗೂ ದೂರದ ಬಂದರಿನಲ್ಲಿ ದುಡಿಯುವ ಅವಳ ತಮ್ಮನಿಗೂ ಒಟ್ಟಿಗೆ ಬಿಡುವು ಸಿಗುವುದು ಆ ಎರಡು ತಾಸು ಮಾತ್ರ. ಹನ್ನೊಂದು ಸೋಮವಾರ ಇಬ್ಬರೂ ಮುಚ್ಚಿದ ಪಟ್ಟಣದ ಮುಂದೆ ಕಾದು ಹೋಗಿದ್ದರು. ಈ ಸೋಮವಾರ ಕಳೆದರೆ ತಮ್ಮನು ಹಡಗು ಹತ್ತುತ್ತಾನೆ. ಆಮೇಲೆ ಎಂಟು ತಿಂಗಳು ಅವನು ಸಿಗುವುದಿಲ್ಲ.

“ಬೈದಾಳೇನು?”

“ಬೈದಿದ್ರ ಚಲೋ ಇತ್ತು. ಉಳಿದ ದಿನ ಪಟ್ಟಣ ತೆರೆದಿಡ್ತೀರಲ್ಲ, ನಿಮ್ಮಿಂದ ಉಪಕಾರ ಆತು ಅಂತ ಬರದಾಳ.” ಶಾಂಭವಿ ಮುಂದಿದ್ದ ಪುಸ್ತಕ ಮುಚ್ಚಿದಳು. “ಹೊತ್ತು ಬದಲಿಸಿದ್ರ ಇನ್ಯಾರದೋ ಸಂಜೆ ಹಾಳಾಗ್ತದ, ಅಜ್ಜಾರೆ. ಭೂಮಿ ಮ್ಯಾಲೆ ಎಲ್ಲಾದರೂ ಒಂದು ಕಡೆ ಸಂಜೆ ಇದ್ದೇ ಇರ್ತದ.”

“ನಾಳೆ ಎರಡು ತಾಸು ಮೊದಲ ಬಾ,” ಎಂದು ಅಜ್ಜಾರು ಎದ್ದರು.

ಮರುದಿನ ನಾಲ್ಕಕ್ಕೆ ಅವಳು ದಡಕ್ಕೆ ಬಂದಳು. ಹರಿಗೋಲು ಆಚೆ ದಡದಲ್ಲಿತ್ತು, ಅದೂ ಮಗುಚಿ ಬಿದ್ದಿತ್ತು. ಪಕ್ಕದಲ್ಲಿ ಬೆಂಕಿ. ಅಜ್ಜಾರು ಕಾಸಿದ ಡಾಂಬರನ್ನು ಅದರ ತಳಕ್ಕೆ ಬಳಿಯುತ್ತಿದ್ದರು.

“ಅಜ್ಜಾರೆ!” ಎಂದು ಕೂಗಿದಳು. ಅವರು ತಿರುಗಿ ನೋಡಲಿಲ್ಲ.

“ಯಾಕ ಹಂಗ ಒದರ್ತಿ? ಕುಂದ್ರು,” ಎಂದಿತು ಒಂದು ದನಿ. ಮೊಸರು ಮಾರುವ ಹುಲಿಗೆವ್ವ ಬೇವಿನ ಮರದ ನೆರಳಲ್ಲಿ ಕೂತಿದ್ದಳು. “ಡಾಂಬರು ಆರೂತನಕ ಹರಿಗೋಲು ಬರಂಗಿಲ್ಲ.”

“ನನಗ ಯಾರೂ ಹೇಳಲಿಲ್ಲಲ್ಲ!”

ಹುಲಿಗೆವ್ವ ಮೇಲೆ ಬೆರಳು ತೋರಿಸಿದಳು. ಕೊಂಬೆಗೆ ಕೆಂಪು ಬಟ್ಟೆ ಕಟ್ಟಿತ್ತು. “ಹರಿಗೋಲು ಮಗುಚೋದೈತಿ ಅಂತ ನಿನ್ನೆನ ಕಟ್ಟ್ಯಾರ. ಅಷ್ಟು ಓದೀದಿ, ಗಿಡ ನೋಡಂಗಿಲ್ಲೇನು?”

“ಒಂದು ವರ್ಷದಿಂದ ದಾಟ್ತೀನಿ. ಹರಿಗೋಲು ಮಗುಚಿದ್ದನ್ನ ನೋಡೇ ಇಲ್ಲ.”

“ನಿನ್ನ ಹೊತ್ತಿಗೆ ಬಂದಿಲ್ಲ, ಅದಕ್ಕ. ತಿಂಗಳಿಗೊಮ್ಮೆ ಇದನ್ನ ಮಗುಚಬೇಕು. ಹಿಂದಿನ ತಿಂಗಳು ಮುಂಜಾನೆ ಮಗುಚಿದ್ರು, ಸಾಲಿಗೆ ದಾಟೋ ಮಾಸ್ತರು ಕಾದ್ರು. ಅದರ ಹಿಂದಿನ ತಿಂಗಳು ಮಧ್ಯಾಹ್ನ. ಊರಾಗಿಂದ ಬುತ್ತಿ ಬರಲಿಲ್ಲ, ಅಜ್ಜಾರು ಉಪವಾಸ. ಈ ಸಲ ನಂದು.”

“ನನ್ನ ಹೊತ್ತು ಯಾಕ ಬರಲಿಲ್ಲ?”

“ಹುಡುಗಿ ಕಲೀತೈತಿ, ಅದರ ಪಾಠದ ಹೊತ್ತು ಬ್ಯಾಡ ಅಂತ ನಾವ ಅಂದಿದ್ವಿ.” ಹುಲಿಗೆವ್ವ ಗಡಿಗೆಯ ಮುಚ್ಚಳ ಎತ್ತಿ ನೋಡಿದಳು. “ಇನ್ನಾ ಸ್ವಲ್ಪ ಹೊತ್ತು ಕುಂತರ ಇದು ಹುಳಿ ಆಗಿ, ಆಶ್ರಮದಾಗ ಎಲ್ಲಾರೂ ಕಣ್ಣು ಮುಚ್ಚಿ ಉಣ್ತಾರ. ಧ್ಯಾನ ಅಂತ ತಿಳೀಬ್ಯಾಡ ಮತ್ತ!”

ಹುಲಿಗೆವ್ವ ನಕ್ಕಳು. ಶಾಂಭವಿಗೆ ನಗು ಬರಲಿಲ್ಲ. ವರ್ಷವಿಡೀ ತನಗೆ ಗೊತ್ತಿಲ್ಲದ ಹಾಗೆ ಬೇರೆಯವರು ಈ ಮರದ ಕೆಳಗೆ ತನ್ನ ಪಾಲನ್ನೂ ಸೇರಿಸಿ ಕಾದಿದ್ದರು. ಅವಳು ಹುಲಿಗೆವ್ವನ ಪಕ್ಕಕ್ಕೆ ಸರಿದು ಕೂತಳು.

ಆರಕ್ಕೆ ಹರಿಗೋಲು ಬಂತು. ಅಜ್ಜಾರು ಇಳಿದವರೇ ಶಾಂಭವಿಯ ಕಡೆ ನೋಡದೆ ಹುಲಿಗೆವ್ವನಿಗೆ ಕೈ ಮುಗಿದರು.

“ಇವತ್ತು ಹರಿಗೋಲನ್ನ ನೀ ಹೊತ್ತಿ, ಯವ್ವಾ.”

“ಅಯ್ಯ! ನಾ ಸುಮ್ಮನ ಕುಂತಿದ್ದೆ. ಏನು ಹೊತ್ತೆ?”

“ಹೊತ್ತು,” ಎಂದರು ಅಜ್ಜಾರು.

ನೀರಿನ ನಡುವೆ ಶಾಂಭವಿ ಬಾಯಿ ಬಿಟ್ಟಳು. “ತಿಳೀತು, ಅಜ್ಜಾರೆ. ಈ ಮಂಗಳವಾರ ಸಂಜೆ ಆರಕ್ಕ ನಿಲ್ಲಸ್ತೀನಿ. ನಮ್ಮವರು ಕಾಯಲಿ. ಆದರ ದುರಸ್ತಿಗೆ ನಾನೇ ಕೂಡಬೇಕು, ಪಾಠ ತಪ್ಪತೈತಿ.”

“ತಪ್ಪಲಿ.”

“ರೊಸೌರಾಗ ಏನು ಬರೀಲಿ?”

“ಇಷ್ಟು ದಿನ ಏನು ಬರೀತಿದ್ದಿ?”

“ಪ್ರತಿ ವಾರ ಎಲ್ಲಾರಿಗೂ ಒಂದೇ ಸಾಲು ಹಾಕ್ತಿದ್ದೆ. ಅಡಚಣೆಗಾಗಿ ಕ್ಷಮಿಸಿ ಅಂತ.”

“ಹನ್ನೊಂದು ಸಲ ಅವಳ ಕಡೆಯಿಂದ ಬೇಡೀದಿ,” ಎಂದರು ಅಜ್ಜಾರು ಹುಟ್ಟು ಹಾಕುತ್ತಾ. “ಒಮ್ಮೆ ಕೊಡು.”

ಅವತ್ತೇ ಅವಳು ಬರೆದಳು: ನೀವು ಕಾದ ಹನ್ನೊಂದು ಸಂಜೆಗಳಿಂದ ಈ ಪಟ್ಟಣ ಉಳಿದಿದೆ. ನಿಮಗೂ ನಿಮ್ಮ ತಮ್ಮನಿಗೂ ನಾನು ಋಣಿ. ಈ ಸೋಮವಾರ ಬಾಗಿಲು ತೆರೆದಿರುತ್ತದೆ. ಇನ್ನು ಮುಂದೆ ಮುಚ್ಚುವ ಹೊತ್ತು ಎಲ್ಲರ ಮನೆಗೂ ಸರದಿಯ ಮೇಲೆ ಬರುತ್ತದೆ, ಮೊದಲು ನನ್ನ ಮನೆಗೆ.

ಉಳಿದವರಿಗೂ ಬರೆದಳು. ಕ್ಷಮಿಸಿ ಎಂಬಲ್ಲಿ ಈ ಸಲ, ಕಾಯುವವರಿಗೆ ನಮಸ್ಕಾರ ಎಂದಿತ್ತು.

ಮಂಗಳವಾರ ಬೆಳಿಗ್ಗೆ ಆರಕ್ಕೆ ಅವಳು ಪರದೆಯ ಮುಂದೆ ಕೂತಳು. ಪಟ್ಟಣದ ಬೀದಿಯಲ್ಲಿ ಅಕ್ಕ ತಮ್ಮನ ಎರಡು ಹೆಸರುಗಳು ಒಂದರ ಪಕ್ಕ ಒಂದು ನಡೆಯುತ್ತಿದ್ದವು. ಆಟದಲ್ಲಿ ಗೆಲ್ಲಬೇಕಾದ ಯಾವುದನ್ನೂ ಅವು ಗೆಲ್ಲಲಿಲ್ಲ. ಎರಡು ತಾಸು ಸುಮ್ಮನೆ ಬೀದಿ ಸುತ್ತಿದವು. ಶಾಂಭವಿಯ ಚಹಾ ಆರಿಹೋಯಿತು.

ಆ ಸಂಜೆ ಸರ್ವರ್ ನಿಂತಿತು. ನಮ್ಮ ಕಡೆಯ ಆಟಗಾರರಲ್ಲಿ ಕೆಲವರು ಗೊಣಗಿದರು. ಒಬ್ಬ ಮಾತ್ರ, ಇಷ್ಟು ದಿನ ಇದನ್ನು ಯಾರು ಕಾಯುತ್ತಿದ್ದರು, ಅವರಿಗೆ ನನ್ನದೂ ನಮಸ್ಕಾರ ಎಂದು ಬರೆದಿದ್ದ.

ಬುಧವಾರ ಹೊಳೆ ದಾಟಿದಾಗ ಶಾಂಭವಿಯ ಕಣ್ಣಿಗೆ ಮೊದಲು ಬಿದ್ದದ್ದು ಪಾಠದ ಚಾಪೆ. ಅದು ನಿನ್ನೆಯಿಂದ ಹಾಸಿದಂತೆಯೇ ಇತ್ತು. ಪುಸ್ತಕವೂ ತೆರೆದಿತ್ತು.

“ಅಜ್ಜಾರೆ, ನಾ ಬರಂಗಿಲ್ಲ ಅಂತ ನಿಮಗ ಗೊತ್ತಿತ್ತಲ್ಲ. ಆದರೂ ಕಾದ್ರೇನು?”

“ಕಾದೆ,” ಎಂದರು ಅಜ್ಜಾರು. “ಪೆರುವಿನ ಆ ಹೆಣ್ಣುಮಗಳ ಹೊತ್ತು ನಿನ್ನೆ ನನ್ನ ತಲಿ ಮ್ಯಾಲಿತ್ತು. ಹಗುರಿತ್ತು, ಯವ್ವಾ.”