ದಳವಾಯಿಯ ಬಿರುದುಗಳೂ ಹನ್ನೆರಡು ನಾಯಿಗಳೂ

ಹತ್ತಿರ ಬನ್ನಿ ಮಕ್ಕಳೇ, ಹುರಳಿಗಿರಿ ಅನ್ನೋ ರಾಜ್ಯದ ಕಥೆ ಹೇಳ್ತೀನಿ.

ಅಲ್ಲಿನ ರಾಜ ತೀರಿಕೊಂಡು ಐದು ವರ್ಷವಾಗಿತ್ತು. ಅವನಿಗೆ ಒಬ್ಬಳೇ ಮಗಳು, ಸಿರಿಯಮ್ಮಣ್ಣಿ. ವಯಸ್ಸು ಹತ್ತೊಂಬತ್ತು. ಆಡುವ ಮಾತೂ ದಿನಕ್ಕೆ ಹತ್ತೊಂಬತ್ತೇ. ಅದರಲ್ಲಿ ಹದಿನೈದು ಮಾತು ನಾಯಿಗಳ ಜೊತೆ.

ರಾಜ್ಯ ನೋಡಿಕೊಳ್ಳುತ್ತಿದ್ದವನು ದಳವಾಯಿ ಉದ್ದಂಡಯ್ಯ. ನೋಡಿಕೊಳ್ಳೋದು ಅಂದರೆ ಬೆಕ್ಕು ಹಾಲನ್ನು ನೋಡಿಕೊಳ್ಳುತ್ತಲ್ಲ, ಹಾಗೆ. ಪಾಪ, ಬಹಳ ವಿನಯವಂತ. ಬರೀ ವಿನಯಕ್ಕೇ ನಾಲ್ಕು ಬಿರುದು ಪಡೆದಿದ್ದ.

ಹುರಳಿಗಿರಿಯಲ್ಲಿ ಪಟ್ಟ ಕಟ್ಟೋಕೆ ಒಂದು ಪದ್ಧತಿ. ಅರಮನೆಯ ಹನ್ನೆರಡು ಬೇಟೆನಾಯಿಗಳನ್ನು ಕೋಟೆ ಬಯಲಿಗೆ ಬಿಡುತ್ತಿದ್ದರು. ಹಗ್ಗವಿಲ್ಲ, ಕೋಲಿಲ್ಲ. ಅವುಗಳನ್ನು ಹಿಂದೆ ಕರೆದುಕೊಂಡು ಅಲ್ಲೇ ಕಟ್ಟೆಯ ಮೇಲಿದ್ದ ಸಿಂಹಾಸನದ ಏಳು ಮೆಟ್ಟಿಲು ಹತ್ತಿದವರಿಗೆ ರಾಜಮುದ್ರೆ. ಇನ್ನು ಮೂರೇ ದಿನಕ್ಕೆ ಆ ಪರೀಕ್ಷೆ.

"ಅಮ್ಮಣ್ಣಿಯವರು ಗೆದ್ದರೆ ನನ್ನಷ್ಟು ಸಂತೋಷಪಡೋರು ಯಾರು?" ಅಂದ ಉದ್ದಂಡಯ್ಯ. "ಸೋತರೂ ಚಿಂತೆಯಿಲ್ಲ. ರಾಜ್ಯದ ಭಾರ ನಾನು ಹೊರ್ತೀನಿ. ಅಮ್ಮಣ್ಣಿಯವರಿಗೆ ನಮ್ಮ ಭಾವಮೈದನ ಜೊತೆ ಮದುವೆ. ಅರವತ್ತಾದರೂ ಆಳು ಗಟ್ಟಿ. ಹಲ್ಲು ಇನ್ನೂ ಮೂರು ಇವೆ."

ಆಸ್ಥಾನ ಚಪ್ಪಾಳೆ ತಟ್ಟಿತು. ಆಸ್ಥಾನ ಇರೋದೇ ಅದಕ್ಕೆ.

ಉದ್ದಂಡಯ್ಯ ಎಷ್ಟು ಒಳ್ಳೆಯವನು ಅಂದರೆ, ಅಮ್ಮಣ್ಣಿಗೆ ಧೈರ್ಯ ಕಲಿಸೋಕೆ ತಾನೇ ಮೂವರು ಪಂಡಿತರನ್ನೂ ಕರೆಸಿದ.

ಮೊದಲನೇ ದಿನ ಮೊದಲನೇ ಪಂಡಿತ ಬಂದ. "ಎದೆ ಉಬ್ಬಿಸಿ! ಇನ್ನೂ ಉಬ್ಬಿಸಿ! ನೋಡಿದವರು ನಡುಗಬೇಕು!" ಅಂದ. ಅಮ್ಮಣ್ಣಿ ಉಬ್ಬಿಸಿದಳು. ಕೆಮ್ಮು ಬಂತು.

ಸಂಜೆ ಹಿತ್ತಲಿಗೆ ಹೋಗಿ, ತಾನೇ ಸಾಕಿದ ಹರಕುಕಿವಿಯ ಮುದಿನಾಯಿ ಕೆಂಪಿಯ ಪಕ್ಕ ಕೂತಳು. ಆಗಿನ ಕಾಲಕ್ಕೆ ನಾಯಿಗಳಿಗೂ ಮಾತು ಬರುತ್ತಿತ್ತು. ಆಸ್ಥಾನದ ಮಾತು ಕೇಳಿ ಕೇಳಿ ಆಮೇಲೆ ಅವೇ ಬಿಟ್ಟುಬಿಟ್ಟವು.

"ಕೆಂಪಿ, ನನಗೆ ಉಬ್ಬೋಕೇ ಬರಲ್ಲ."

"ಬಾರದಿದ್ದರೆ ಒಳ್ಳೇದೇ ಆಯ್ತು ಬಿಡು ಕೂಸೇ. ನಮ್ಮಲ್ಲಿ ಬೆನ್ನಿನ ಕೂದಲು ನಿಗುರಿಸಿಕೊಂಡು ದಪ್ಪ ಕಾಣೋದು ಯಾರು? ಹೆದರಿದ ನಾಯಿ."

ಎರಡನೇ ದಿನ ಎರಡನೇ ಪಂಡಿತ. "ಗರ್ಜಿಸಿ! ಗಂಟಲು ದೊಡ್ಡದಾದಷ್ಟೂ ಗದ್ದುಗೆ ದೊಡ್ಡದು!" ಅಂದ. ಅಮ್ಮಣ್ಣಿ ಗರ್ಜಿಸಿದಳು. ಅಡುಗೆಯವಳು ಓಡಿಬಂದು, "ಕರೆದಿರಾ ಅವ್ವಾ? ಮೆಣಸಿನ ಸಾರು ತರಲಾ?" ಅಂತ ಕೇಳಿದಳು.

"ಕೆಂಪಿ, ನನಗೆ ಕೂಗೋಕೂ ಬರಲ್ಲ."

"ಆ ಗೇಟಿನ ಹಿಂದೆ ಕಟ್ಟಿಹಾಕಿರೋ ನಾಯಿ ದಿನವಿಡೀ ಬೊಗಳುತ್ತಲ್ಲ, ಒಂದು ಸಲ ಗೇಟು ತೆಗೆದು ನೋಡು. ಬಾಲ ಎಲ್ಲಿ ಇಡಬೇಕು ಅಂತಾನೇ ಅದಕ್ಕೆ ತಿಳಿಯಲ್ಲ."

ಮೂರನೇ ದಿನ ಮೂರನೇ ಪಂಡಿತ. "ಕಣ್ಣು ಬಿಡಿ! ದುರುಗುಟ್ಟಿ ನೋಡಿ! ಎದುರಿಗಿದ್ದವನು ಬೂದಿಯಾಗಬೇಕು!" ಅಂದ. ಅಮ್ಮಣ್ಣಿ ದುರುಗುಟ್ಟಿದಳು. ಪಂಡಿತ ಬೂದಿಯಾಗಲಿಲ್ಲ. ಅವಳ ಕಣ್ಣಲ್ಲೇ ನೀರು ಬಂತು.

"ಕೆಂಪಿ, ನಾಳೆ ನಾನು ಸೋಲ್ತೀನಿ. ಮೂರು ಹಲ್ಲಿನವನೇ ಗತಿ."

ಕೆಂಪಿ ನಿಧಾನವಾಗಿ ಮೈ ಮುರಿಯಿತು. "ಹೊಸಬರು ಬಂದರೆ ಬುದ್ಧಿಯಿರೋ ನಾಯಿ ಮೊದಲು ಮೂಸುತ್ತೆ, ಆಮೇಲೆ ಬೇಕಾದರೆ ಬೊಗಳುತ್ತೆ. ನಿನ್ನ ದಳವಾಯಿಯನ್ನು ನಾನು ಈ ದಿನ ಮೂಸಿದೆ. ಸೊಂಟದ ಎಲೆಯಡಿಕೆ ಸಂಚಿಯಲ್ಲಿ ಎಲೆಯೂ ಇಲ್ಲ, ಅಡಿಕೆಯೂ ಇಲ್ಲ. ಬಾಡಿನ ತುಂಡು."

ಅಮ್ಮಣ್ಣಿ ಬಹಳ ಹೊತ್ತು ಸುಮ್ಮನಿದ್ದಳು. ಸುಮ್ಮನಿರೋರು ಯೋಚನೆ ಮಾಡ್ತಿರಬಹುದು ಅಂತ ಆ ರಾಜ್ಯದಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಎಷ್ಟು ತುಂಡು ಇರಬಹುದು?" ಅಂತ ಕೇಳಿದಳು.

"ಹತ್ತಿಪ್ಪತ್ತು. ಬೇಗ ಹತ್ತಿದರೆ ಏಳು ಮೆಟ್ಟಿಲಿಗೆ ಸಾಕು. ಇನ್ನೊಂದು ಮಾತು ಕೂಸೇ. ನಾಯಿಯನ್ನು ಅಟ್ಟಿಸಿಕೊಂಡು ಹೋದರೆ ಓಡುತ್ತೆ. ನೀನು ತಿರುಗಿ ನಡೆದರೆ ಹಿಂದೆ ಬರುತ್ತೆ. ಬರ್ತಾವೋ ಇಲ್ಲವೋ ಅಂತ ಹಿಂದಿರುಗಿ ನೋಡ್ತಾ ಹೋದೆಯೋ, ನಿನಗಿಲ್ಲದ ನಂಬಿಕೆ ಅವಕ್ಕೆಲ್ಲಿಂದ ಬರಬೇಕು?"

ಪರೀಕ್ಷೆಯ ದಿನ ಕೋಟೆ ಬಯಲಿನಲ್ಲಿ ಕಾಲಿಡೋಕೆ ಜಾಗವಿರಲಿಲ್ಲ.

"ಮಗು ಹೆದರಿದೆ," ಅಂತ ಉದ್ದಂಡಯ್ಯ ಕನಿಕರಪಟ್ಟ. "ಹೇಗೆ ಮಾಡಬೇಕು ಅಂತ ಮೊದಲು ನಾನೇ ತೋರಿಸ್ತೀನಿ. ನಾನೇ ಗೆದ್ದುಬಿಟ್ಟರೆ ಏನು ಮಾಡೋದು, ದೈವೇಚ್ಛೆ!"

ಎದೆ ಉಬ್ಬಿಸಿದ, ಗರ್ಜಿಸಿದ, ದುರುಗುಟ್ಟಿದ. ಸಂಚಿಯ ದಾರವನ್ನೂ ಮೆಲ್ಲಗೆ ಸಡಿಲಿಸಿದ. ಹನ್ನೆರಡು ನಾಯಿಗಳೂ ಬಾಲ ಅಲ್ಲಾಡಿಸಿಕೊಂಡು ಓಡಿಬಂದವು.

"ಆಹಾ, ಏನು ವರ್ಚಸ್ಸು!" ಅಂದಿತು ಆಸ್ಥಾನ.

ಆಗ ಅಮ್ಮಣ್ಣಿ ಎದ್ದು ನಿಂತಳು. ದನಿ ಸಣ್ಣದೇ ಇತ್ತು. ಯಾವತ್ತೂ ಮಾತಾಡದವಳು ಎದ್ದಳಲ್ಲ ಅಂತ ಇಡೀ ಬಯಲು ಸುಮ್ಮನಾಯಿತು.

"ದಳವಾಯಿಗಳು ಸುಮ್ಮನೆ ಹತ್ತಿಬಿಟ್ಟರೆ ಅವರಿಗೆ ಅವಮಾನ. ಒಂದೊಂದು ಮೆಟ್ಟಿಲಲ್ಲೂ ನಿಲ್ಲಿಸಿ ಅವರ ಬಿರುದುಗಳನ್ನು ಪೂರ್ತಿ ಹೇಳಿಸಬೇಕು."

"ಛೇ ಛೇ, ಎಲ್ಲಾದರೂ ಉಂಟೇ," ಅಂದ ಉದ್ದಂಡಯ್ಯ. ಅನ್ನುತ್ತಲೇ ಹೊಗಳುಭಟನಿಗೆ ಕಣ್ಸನ್ನೆ ಮಾಡಿದ.

"ವಿನಯ ಮಾರ್ತಾಂಡ! ಮಿತಭಾಷಾ ಚಕ್ರವರ್ತಿ! ನಿರಾಡಂಬರ ಭಯಂಕರ!" ಭಟ ಶುರುಮಾಡಿದ. ಒಟ್ಟು ಅರವತ್ನಾಲ್ಕು ಬಿರುದು. ಮೊದಲನೇ ಮೆಟ್ಟಿಲಲ್ಲಿ ಉದ್ದಂಡಯ್ಯ ಕಣ್ಣು ಮುಚ್ಚಿ ಆನಂದಪಟ್ಟ. ಕಾದು ಬೇಸತ್ತ ನಾಯಿಗಳಿಗೆ ಗುಟ್ಟಾಗಿ ಐದು ತುಂಡು ಹಾಕಿದ. ಎರಡನೇ ಮೆಟ್ಟಿಲಲ್ಲಿ ಇನ್ನೂ ಏಳು. ಮೂರನೆಯದರಲ್ಲಿ ಸಂಚಿ ಖಾಲಿ, ಬಿರುದು ಮಾತ್ರ ಇನ್ನೂ ಬಾಕಿ.

"ಸಾಕು ನಿಲ್ಲಿಸೋ ಮುಂಡೇದೇ!" ಅಂದ ಮಿತಭಾಷಾ ಚಕ್ರವರ್ತಿ.

ಅಷ್ಟರಲ್ಲಿ ನಾಯಿಗಳು ಸಂಚಿಗೇ ಬಾಯಿ ಹಾಕಿದವು. ಸಂಚಿಯ ಜೊತೆ ರೇಷ್ಮೆ ಪಂಚೆಯ ಅರ್ಧವೂ ಹೋಯಿತು. ಬಾಡಿನ ಎಣ್ಣೆ ಹತ್ತಿದ ಸಂಚಿ ಎಲ್ಲರ ಕಣ್ಣೆದುರು ಬಿತ್ತು. ಬರಿಗೈಯನ್ನು ಒಂದು ಸಲ ಮೂಸಿ, ನಾಯಿಗಳು ಬಯಲಿಗೆ ಚದುರಿದವು. ದಳವಾಯಿ ಉಳಿದರ್ಧ ಪಂಚೆ ಹಿಡಿದುಕೊಂಡು ಅಟ್ಟಿಸಿಕೊಂಡು ಹೋದ. ಅವನು ಓಡಿದಷ್ಟೂ ಅವು ಇನ್ನೂ ದೂರ ಓಡಿದವು.

ಈಗ ಅಮ್ಮಣ್ಣಿಯ ಸರದಿ.

ಎರಡೂ ಖಾಲಿ ಅಂಗೈಯನ್ನು ಜನರಿಗೆ ತೋರಿಸಿದಳು. ದಿನಾ ಬೆಳಗ್ಗೆ ಅದೇ ಕೈಯಿಂದ ಆ ನಾಯಿಗಳ ಕಿವಿಯ ಉಣ್ಣಿ ಕಿತ್ತಿದ್ದಳು, ಪಾದದ ಮುಳ್ಳು ತೆಗೆದಿದ್ದಳು. ಅದು ಯಾವ ಬಿರುದಿನಲ್ಲೂ ಇರಲಿಲ್ಲ.

"ಬನ್ರೋ," ಅಂದಳು. ಮನೆಮಂದಿಯನ್ನು ಊಟಕ್ಕೆ ಕರೆಯೋ ಹಾಗೆ. ತಿರುಗಿ ನಡೆದಳು.

ಒಂದು ಮೆಟ್ಟಿಲು. ಹಿಂದೆ ಸದ್ದಿಲ್ಲ. ಎರಡು. ಮೂರು. ಕತ್ತು ತಾನಾಗಿ ತಿರುಗೋಕೆ ಹೊರಟಿತು, ತಡೆದಳು. ನಾಲ್ಕು. ಯಾರೋ ನಕ್ಕ ಹಾಗಾಯಿತು. ಐದನೇ ಮೆಟ್ಟಿಲಲ್ಲಿ ಒದ್ದೆ ಮೂಗೊಂದು ಅಂಗೈಗೆ ತಾಗಿತು. ಆಮೇಲೆ ಇನ್ನೊಂದು.

ಏಳನೆಯದನ್ನು ಹತ್ತಿ ತಿರುಗಿದಾಗ, ಹನ್ನೆರಡೂ ನಾಲಿಗೆ ಚಾಚಿಕೊಂಡು ಅವಳ ಕಾಲ ಬಳಿ ಕೂತಿದ್ದವು.

"ಮುದ್ರೆ ಕೊಡಿ ದಳವಾಯಿಗಳೇ," ಅಂದಳು. "ಐದು ವರ್ಷ ಭಾರ ಹೊತ್ತು ದಣಿದಿದ್ದೀರಿ. ಇನ್ನು ಊರಿಗೆ ಹೋಗಿ ಭಾವಮೈದನನ್ನು ನೋಡಿಕೊಳ್ಳಿ."

ಮುದ್ರೆ ಅವಳ ಕೈಸೇರೋ ಮೊದಲೇ ಮೂವರು ಪಂಡಿತರೂ ಕಟ್ಟೆಯ ಬುಡಕ್ಕೆ ಬಂದು ನಿಂತು, "ನಮ್ಮ ಶಿಷ್ಯೆ!" ಅಂತ ಒಬ್ಬರಿಗಿಂತ ಒಬ್ಬರು ಜೋರಾಗಿ ಹೇಳಿಕೊಳ್ಳುತ್ತಿದ್ದರು. ಆಸ್ಥಾನವಂತೂ ಬಿಡಿ, ಹುಟ್ಟಿದಾಗಿನಿಂದ ಅದು ಅಮ್ಮಣ್ಣಿಯ ಪಕ್ಷವೇ ಅಂತೆ.

ಈ ಕಥೆಯ ನೀತಿ ಇಷ್ಟೇ ಮಕ್ಕಳೇ. ತುಂಡಿನ ಆಸೆಗೆ ಬಂದವರು ತುಂಡು ಇರೋವರೆಗೆ ಬರ್ತಾರೆ, ಆರೈಕೆ ಕಂಡವರು ಬರಿಗೈಯ ಹಿಂದೆಯೂ ಬರ್ತಾರೆ. ನಾಯಕನಾಗೋಕೆ ದೊಡ್ಡ ಗಂಟಲು ಬೇಡ. ಹಿಂದೆ ಬರೋರ ಮೇಲೂ ತನ್ನ ಮೇಲೂ ನಂಬಿಕೆ ಇದ್ದರೆ ಸಾಕು.