ತಂತಿಯ ಮೇಲೊಂದು ಪ್ರಶ್ನೆ

ಕರೆಂಟ್ ತಂತಿಯ ಮೇಲೆ ಸಾಲಾಗಿ ಕೂತಿದ್ದ ಕಾಗೆಗಳಲ್ಲಿ ಒಂದು ಮರಿಗೆ ಸುಮ್ಮನಿರಲಾಗಲಿಲ್ಲ.

"ಅಜ್ಜಾ, ಈ ತಂತಿ ಮುಟ್ಟಿದ ಮನುಷ್ಯ ಸಾಯುತ್ತಾನೆ. ನಾವೇಕೆ ಸಾಯುವುದಿಲ್ಲ?"

"ನಾವು ಕಾಗೆಗಳು, ಅದಕ್ಕೆ," ಎಂದ ಮುದಿ ಕಾಗೆಯಜ್ಜ. "ನಮ್ಮ ಹಿರಿಯರೂ ಇಲ್ಲೇ ಕೂರುತ್ತಿದ್ದರು. ಬಾಯಿ ಮುಚ್ಚಿಕೊಂಡಿರು."

ಮರಿ ಅವಮಾನ ನುಂಗಿಕೊಂಡು ವಿದ್ಯುತ್ ಕಂಬದ ಬಳಿಗೆ ಹಾರಿ ಹೋಗಿ ಅದನ್ನೇ ಕೇಳಿತು.

"ಮಗು, ವಿದ್ಯುತ್ತು ಹರಿಯಲು ದಾರಿ ಬೇಕು," ಎಂದಿತು ಕಂಬ. "ಒಂದೇ ತಂತಿಯ ಮೇಲೆ ಕೂತರೆ ನಿನ್ನ ಮೈಯಲ್ಲಿ ಅದಕ್ಕೆ ದಾರಿಯಿಲ್ಲ. ಜೊತೆಗೆ ನೆಲವನ್ನೋ ಇನ್ನೊಂದು ತಂತಿಯನ್ನೋ ಮುಟ್ಟಿದೆಯಾದರೆ ನೀನೇ ದಾರಿಯಾಗುತ್ತೀಯ."

ಮರಿ ಹಾರಿ ಬಂದು ಎಲ್ಲರಿಗೂ ಅದನ್ನು ಹೇಳಿತು. ಅಜ್ಜನಿಗೆ ಸಿಟ್ಟು ಬಂತು. "ನನಗೆ ಬುದ್ಧಿ ಹೇಳುವಷ್ಟು ದೊಡ್ಡವನಾದೆಯಾ? ನೋಡು!" ಎನ್ನುತ್ತಾ ಮಳೆಯಲ್ಲಿ ನೆಂದ ರೆಕ್ಕೆಯನ್ನು ಪಕ್ಕದ ತಂತಿಗೆ ಚಾಚಿದ.

"ಬೇಡ ಅಜ್ಜಾ!" ಎಂದು ಮರಿ ಚೀರಿತು.

ಕಿಡಿ ಹಾರಿತು. ಅಜ್ಜ ಕೆಳಗೆ ಬಿದ್ದ, ಮತ್ತೆ ಏಳಲಿಲ್ಲ.

ತನ್ನ ಮಾತು ನಿಜವಾಯಿತೆಂದು ಮರಿಗೆ ಚೂರೂ ಸಂತೋಷವಾಗಲಿಲ್ಲ. ಅದು ಎಲ್ಲರೊಂದಿಗೆ ಕತ್ತಲಾಗುವವರೆಗೂ ಅತ್ತಿತು.

ಮರುದಿನ ಅದಕ್ಕಿಂತ ಚಿಕ್ಕ ಮರಿಯೊಂದು, "ಅಜ್ಜ ಹೇಗೆ ಸತ್ತ?" ಎಂದು ಕೇಳಿತು. ದೊಡ್ಡವರು ಗದರಿದರು. ಮೊದಲಿನ ಮರಿ ಮಾತ್ರ ಆ ಚಿಕ್ಕದನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಹೇಳುತ್ತೇನೆ, ಕೇಳು," ಎಂದಿತು.