ಗೋಡೆ ಹತ್ತುವ ಕಾಲಿಲ್ಲದವಳು

“ಕೇಳಿರಯ್ಯಾ ಕೇಳಿ! ದೊರೆಗಳ ಬೇಸಿಗೆ ಅರಮನೆ ಮಾರಾಟಕ್ಕಿದೆ! ಹಣ ಬೇಡ, ಒಳಗಿರುವ ದನಿ ಮೂರು ಒಗಟು ಕೇಳುತ್ತದೆ. ಬಿಡಿಸಿದವರಿಗೆ ಮನೆ, ತಪ್ಪಿದವರು ಮನೆಯ ಪಾಲು!”

ಡಂಗುರ ಕೇಳಿ ಬಂದವರು ಮೂವರು: ಜವಳಿ ಸಾಹುಕಾರ, ದಳವಾಯಿ, ಮತ್ತು ಬಾಡಿಗೆ ಮನೆಗಳಲ್ಲೇ ಬೆಳೆದ ಬೊಮ್ಮ. ಅವನ ಮೊದಲ ಕೂಸು ತೇವದ ಮನೆಯಲ್ಲಿ ಕೆಮ್ಮಿ ಕೆಮ್ಮಿ ತೀರಿಕೊಂಡಿತ್ತು. ಹೆಂಡತಿ ಸಾವಂತ್ರಿ ಈಗ ಮತ್ತೆ ಬಸುರಿ.

ಒಳಗೆ ಉಸಿರುಗಟ್ಟುವಷ್ಟು ಸಾಂಬ್ರಾಣಿ ಹೊಗೆ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

“ಕಾಲಿಲ್ಲ, ಗೋಡೆ ಹತ್ತುತ್ತೇನೆ. ಮಂಡಿಯೆತ್ತರಕ್ಕೆ ನಿಂತು ಬಿಳಿ ಗಡ್ಡ ಬಿಡುತ್ತೇನೆ. ಯಾರು?” ಎಂದಿತು ದನಿ, ಗಂಟಲಲ್ಲಿ ನೀರಿಟ್ಟುಕೊಂಡ ಹಾಗೆ.

“ಬಳ್ಳಿ! ಮಲ್ಲಿಗೆ ಬಳ್ಳಿ!” ಎಂದ ಸಾಹುಕಾರ. ಗೋಡೆ ಅವನನ್ನು ಹೀರಿಕೊಂಡಿತು. ಅಲ್ಲಿ ಅವನದೇ ಆಕಾರದ ಒಂದು ಒದ್ದೆ ಕಲೆ ಉಳಿಯಿತು, ಪೇಟ ಸಮೇತ.

ಬೊಮ್ಮ ಗೋಡೆಯ ಬುಡ ಮುಟ್ಟಿ ನೋಡಿದ. “ನೆಲದಿಂದ ಏರುವ ತೇವ. ಗಡ್ಡ ಅಂದರೆ ಅದು ಹೊರಗೆ ತಂದ ಉಪ್ಪು.”

“ನಾಲ್ವರು ಅಣ್ಣತಮ್ಮಂದಿರು. ಮೂವರಿಗೆ ಮಾಸಿದ ಬಟ್ಟೆ, ಒಬ್ಬನಿಗೆ ಮಾತ್ರ ಹೊಸ ಅಂಗಿ. ಯಾಕೆ?”

“ಅವನೇ ಮದುಮಗ, ಇನ್ನೇನು!” ದಳವಾಯಿ ಮೀಸೆ ತಿರುವಿದ. ಮೀಸೆಯೇ ಕೊನೆಗೆ ಒಳಗೆ ಹೋದದ್ದು.

“ಮದುವೆಯಲ್ಲ, ಹುಣ್ಣು,” ಎಂದ ಬೊಮ್ಮ. “ನಾಲ್ಕು ಗೋಡೆಯಲ್ಲಿ ಒಂದಕ್ಕೆ ಮಾತ್ರ ಸುಣ್ಣ ಹೊಡೆದಿದ್ದರೆ ಏನನ್ನೋ ಮುಚ್ಚಿದ್ದಾರೆ ಅಂತ ಅರ್ಥ. ನನಗೆ ಮನೆ ತೋರಿಸಿದವರೆಲ್ಲ ಹೀಗೇ ಮಾಡಿದ್ದಾರೆ.” ಹೊಸ ಸುಣ್ಣದ ಗೋಡೆಗೆ ಹೆಬ್ಬೆರಳು ಒತ್ತಿದ. ಗಾರೆ ಮೆತ್ತಗೆ ಉದುರಿತು. ಹಿಂದೆ ಹಳೆಯ ಕಲೆಗಳು ಕಣ್ಣು ಬಿಟ್ಟು ನೋಡುತ್ತಿದ್ದವು.

“ಊರೆಲ್ಲ ನನ್ನನ್ನು ಕುಡಿಯಿತು. ಆಮೇಲೆ ಬಾಯಿಗೆ ಕಲ್ಲಿಟ್ಟು, ಎದೆಯ ಮೇಲೆ ಮನೆ ಕಟ್ಟಿತು. ಇನ್ನೂ ಸತ್ತಿಲ್ಲ. ಯಾರು ನಾನು?”

ಸಾಂಬ್ರಾಣಿಯ ಅಡಿಯಿಂದ ಮುಗ್ಗಲು ವಾಸನೆ ಎದ್ದಿತು. ಬೊಮ್ಮ ಅದನ್ನೇ ಹಿಡಿದು ನಡೆದ. ನಡುಮನೆಯಲ್ಲಿ ವಾಸನೆ ದಟ್ಟವಾಯಿತು, ಅಂಗಾಲು ತಣ್ಣಗಾಯಿತು. ಬಗ್ಗಿ ಕಿವಿಯಿಟ್ಟ. ಕೆಳಗೆ ಯಾರೋ ಏದುಸಿರು ಬಿಡುತ್ತಿದ್ದರು. ಅವನ ಕೂಸು ಬಿಡುತ್ತಿದ್ದ ಹಾಗೆಯೇ.

“ಬಾವಿ,” ಎಂದ. “ಬಾವಿ ಮುಚ್ಚುವಾಗ ಉಸಿರಾಡಲಿ ಅಂತ ಒಂದು ಕೊಳವೆ ಬಿಡೋದು ನಮ್ಮ ಕಡೆ ವಾಡಿಕೆ. ನಿಮಗೆ ಅದನ್ನೂ ಬಿಡಲಿಲ್ವಾ, ತಾಯಿ?”

ದನಿ ಈಗ ಕಲ್ಲಿನಡಿಯಿಂದ ಬಂತು.

“ದೊರೆಗೆ ಅವಸರವಿತ್ತು, ಮಗನೇ.”

ಬೊಮ್ಮ ಹಾಸುಗಲ್ಲು ಎಬ್ಬಿಸಿದ. ತಣ್ಣನೆಯ ಗಾಳಿ ನುಗ್ಗಿ ಮನೆಯೆಲ್ಲ ಸುತ್ತಿ ಹೊರಗೆ ಹೋಯಿತು. ಗೋಡೆಗಳು ಒಣಗಿದವು. ನುಂಗಿಸಿಕೊಂಡವರೆಲ್ಲ ಸೀನುತ್ತ ಹೊರಗೆ ಬಿದ್ದರು.

“ಅಲ್ಲಯ್ಯಾ, ಮನೆ ಯಾರಿಗಾಯ್ತು?” ಎಂದ ಸಾಹುಕಾರ, ಇನ್ನೂ ಮೈ ಹಿಂಡಿಕೊಳ್ಳುತ್ತ.

ಮನೆ ಬೊಮ್ಮನಿಗಾಯಿತು. ಅವನು ನಡುಮನೆಯ ಮಾಡು ತೆಗೆಸಿ, ಬಾವಿಗೆ ಕಟ್ಟೆ ಕಟ್ಟಿಸಿ, ಸುತ್ತಲ ಕೋಣೆಗಳಲ್ಲಿ ಸಂಸಾರ ಹೂಡಿದ. ಹೆರಿಗೆಯಾಗಿ, ಮೈಲಿಗೆ ಕಳೆದು, ಸಾವಂತ್ರಿ ಕೂಸನ್ನೆತ್ತಿಕೊಂಡು ಗಂಗೆ ಪೂಜೆಗೆ ಬಂದಳು. ಅರಿಸಿನ ಕುಂಕುಮ ಇಟ್ಟಳು. ಕೊಡ ಇಳಿಸುವ ಮೊದಲೇ ನೀರು ಸದ್ದಿಲ್ಲದೆ ಕಟ್ಟೆಯವರೆಗೆ ಏರಿ ಬಂದು, ಕೂಸಿನ ಪಾದ ಮುಟ್ಟಿ, ಹಾಗೇ ಇಳಿದುಹೋಯಿತು.